ಪಂಚೆಯ ಮೂಲೆಯಲ್ಲಿ ಅಜ್ಜಿ ಬರೆದದ್ದು

ನಮ್ಮ ಮನೆಯಲ್ಲಿ ಸರಿಯಾಗಿ ಓದು ಬರಹ ಬಲ್ಲವಳೆಂದರೆ ಅಜ್ಜಿಯೊಬ್ಬಳೇ. ಈ ಮಾತು ಹೇಳಿದಾಗಲೆಲ್ಲ ನಮ್ಮ ಬಳಗದವರು ನಗುತ್ತಾರೆ. ಹೊನ್ನಮ್ಮಜ್ಜಿ ಶಾಲೆಯ ಹೊಸ್ತಿಲು ತುಳಿದವಳಲ್ಲ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದವಳು. ನಗುವವರು ನಗಲಿ. ನಾನು ಈಗ ನ್ಯಾಮತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ತಾರ್ಕಿಕ ಸಾಮರ್ಥ್ಯದ ಪಾಠ ಹೇಳುತ್ತೇನೆ. ಕೋಡಿಂಗ್-ಡಿಕೋಡಿಂಗ್ ಕಲಿಯಬೇಕೆಂದರೆ ಆ ಮೇಡಂ ಹತ್ತಿರವೇ ಹೋಗಬೇಕು ಎಂದು ಹೊನ್ನಾಳಿಯಿಂದ, ಚನ್ನಗಿರಿಯಿಂದ ಬೆಳಗಿನ ಬಸ್ಸು ಹತ್ತಿ ಬರುತ್ತಾರೆ. ಮೇಡಂ, ಇದನ್ನು ಯಾವ ಗೈಡಿನಿಂದ ಕಲಿತಿರಿ ಎಂದು ಕೇಳುತ್ತಾರೆ. ಯಾವ ಗೈಡೂ ಅಲ್ಲ. ನನಗೆ ಅದನ್ನು ಕಲಿಸಿದ್ದು ಹೊನ್ನಾಳಿಯ ಹೊಳೆ ಬೀದಿಯ ಕೊನೆಯ ಮನೆ, ಆ ಮನೆಯ ಬಟ್ಟೆ ಗಂಟುಗಳು. ನಾವು ಮಡಿವಾಳರು, ಇಪ್ಪತ್ನಾಲ್ಕು ಮನೆಗಳ ಬಟ್ಟೆ ಒಗೆದು ಬದುಕಿದವರು. ಅದನ್ನು ಹೇಳಿಕೊಳ್ಳಲು ನಾನು ದನಿ ತಗ್ಗಿಸುವುದಿಲ್ಲ.

ಮನೆ ಎಂದರೆ ಎರಡು ಕೋಣೆ, ಒಂದು ಅಂಗಳ. ಮುಂದಿನ ಕೋಣೆಯಲ್ಲಿ ಗಂಟುಗಳಿರುತ್ತಿದ್ದವು, ಹಿಂದಿನ ಕೋಣೆಯಲ್ಲಿ ನಾವು. ಗಂಟು ಹೆಚ್ಚಾದ ದಿನ ನಾವು ಅಂಗಳಕ್ಕೆ ಸರಿಯುತ್ತಿದ್ದೆವು, ಗಂಟುಗಳಂತೂ ಸರಿಯುತ್ತಿರಲಿಲ್ಲ. ಅಂಗಳದಲ್ಲಿ ಉಬ್ಬೆಯ ಹಂಡೆ. ಕೊಳೆ ಬಟ್ಟೆಯನ್ನು ಸೌಳು ಮಣ್ಣು ಕದಡಿದ ನೀರಿನಲ್ಲಿ ಅದ್ದಿ, ಹಂಡೆಯ ಮೇಲೆ ಪೇರಿಸಿ, ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಹಾಕುವುದು ಎನ್ನುತ್ತಾರೆ. ಸೋಮವಾರ ಹಂಡೆಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ಬೆಂಕಿ. ಅದೇ ಒಲೆಯ ಬದಿಯ ಕೆಂಡದಲ್ಲಿ ಅವ್ವ ರೊಟ್ಟಿ ಸುಡುತ್ತಿದ್ದಳು. ಹಾಗಾಗಿ ನಮ್ಮ ರೊಟ್ಟಿಗೆ ಊರಿನ ಎಲ್ಲ ಮನೆಗಳ ಬಟ್ಟೆಯ ವಾಸನೆ ಇರುತ್ತಿತ್ತು, ಖಾರದ ಚಟ್ನಿ ಹಚ್ಚಿಕೊಂಡರೆ ಗೊತ್ತಾಗುತ್ತಿರಲಿಲ್ಲ. ಅವ್ವ ಜಗಳೂರಿನ ಕಡೆಯವಳು. ಅವಳ ತವರಿನಲ್ಲಿ ಮುಖ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತಿದ್ದರಂತೆ. ಇಲ್ಲಿ ಹೊಳೆಯ ದಡದಲ್ಲಿ ನಿಂತು ಬಟ್ಟೆ ಜಾಲಿಸುವಾಗಲೂ ಅವಳ ಕೈ ನೀರನ್ನು ಹಿಡಿದು ಹಿಡಿದೇ ಬಳಸುತ್ತಿತ್ತು. ಅದನ್ನು ಕಂಡು ಅಜ್ಜಿ ಬಿಡದೆ ಕಾಲೆಳೆಯುತ್ತಿದ್ದಳು.

"ತುಂಗಭದ್ರೆ ನಿಮ್ಮಪ್ಪನ ಮನೆ ಕೊಡ ಅಲ್ಲ ಕಣವ್ವ, ಮುಗ್ದು ಹೋಗಾಕೆ. ಧಾರಾಳ ಜಾಲ್ಸು."

ಒಗೆದ ಬಟ್ಟೆ ಒಣಗಿ ಬಂದಮೇಲೆ ಅಜ್ಜಿಯ ದರ್ಬಾರು ಶುರು. ಅವಳು ಮುಂದಿನ ಕೋಣೆಯ ನಡುವೆ ಕಾಲು ಚಾಚಿ ಕೂತು ರಾಶಿಯಿಂದ ಒಂದೊಂದೇ ಎತ್ತುವಳು, ಮೂಲೆಯನ್ನು ತಿರುಗಿಸಿ ನೋಡುವಳು, ಎಡಕ್ಕೋ ಬಲಕ್ಕೋ ಎಸೆಯುವಳು. ಪ್ರತಿ ಬಟ್ಟೆಯ ಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಕಪ್ಪು ಗುರುತು ಇರುತ್ತಿತ್ತು. ಒಂದು ಗೀಟು, ಕೆಲವು ಚುಕ್ಕೆ, ಇನ್ನೇನೋ. ಹೊಸ ಬಟ್ಟೆ ಬಂದರೆ ಅಜ್ಜಿ ಕರಿಗೇರು ಬೀಜಕ್ಕೆ ಸೂಜಿ ಚುಚ್ಚಿ, ಅದರ ರಸದಿಂದ ಗುರುತು ಬರೆದು, ಮೇಲೆ ಒಂದಿಷ್ಟು ಸುಣ್ಣ ಸವರುತ್ತಿದ್ದಳು. ಆ ರಸ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಬಟ್ಟೆಗೆ ತಾಗಿದರೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ಅಜ್ಜಿಯ ತೋರುಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಸೀರೆ, ರವಿಕೆಗಳಾದರೆ ಬಣ್ಣ ನೋಡಿ ಯಾರದೆಂದು ಯಾರು ಬೇಕಾದರೂ ಹೇಳಬಹುದು. ಬಿಳಿ ಪಂಚೆ, ಬಿಳಿ ಬನಿಯನ್, ಬಿಳಿ ಹಾಸಿಗೆ ಬಟ್ಟೆ ಯಾರದೆಂದು ಹೇಳುವವರು ಯಾರು? ಅಜ್ಜಿ. ಅವಳೊಬ್ಬಳೇ.

ಆ ಗುರುತಿನ ಗುಟ್ಟನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಪ್ಪ ಕಲ್ಲಿನ ಹತ್ತಿರ ಬಟ್ಟೆ ಬಡಿಯುವವನು, ಅವನಿಗೆ ಬೇಕಾಗಿಯೂ ಇರಲಿಲ್ಲ. ಅವ್ವನಿಗೆ ಬೇಕಿತ್ತು. ಅತ್ತೆ ಸೊಸೆಯ ನಡುವೆ ತಿಂಗಳಿಗೊಮ್ಮೆಯಾದರೂ ಇದೇ ಜಗಳ ನಡೆಯುತ್ತಿತ್ತು.

"ಒಂದೀಟು ಹೇಳಿಕೊಡ್ರಿ ಅತ್ತೆ. ನಾಳೆ ನಿಮಗೆ ಜ್ವರ ಬಂತು ಅಂದ್ರೆ ನಾವು ಏನ್ ಮಾಡಾಕೆ ಆಗುತ್ತೆ?"

"ಜ್ವರ ಬಂದ್ರೆ ಮಲಕ್ಕಂಡೇ ಹೇಳ್ತೀನಿ. ನಿಂಗೆ ಹೇಳಿಕೊಟ್ಟು ಆಮ್ಯಾಲೆ ನಾನು ಒಲೆ ಮುಂದೆ ಕುಂತು ಊದಾಕೆ ಹೋಗ್ಲಾ?"

ನನಗೆ ಅಜ್ಜಿಯ ಮೇಲೆ ಸಿಟ್ಟೂ ಬರುತ್ತಿತ್ತು, ಅವಳು ಹೇಳಿದ್ದು ಸರಿ ಎಂದೂ ಅನ್ನಿಸುತ್ತಿತ್ತು. ಬೀದಿಯಲ್ಲಿ ಅವಳನ್ನು ಚಿಕ್ಕ ಹುಡುಗರೂ ಏಕವಚನದಲ್ಲಿ ಕರೆಯುತ್ತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತು ಗಂಟು ಇಸಿದುಕೊಳ್ಳಬೇಕಿತ್ತು. ಆ ಕೋಣೆಯೊಳಗೆ ಕಾಲು ಚಾಚಿ ಕೂತಾಗ ಮಾತ್ರ ಅವಳು ಇಡೀ ಊರಿಗೆ ಯಜಮಾನಿ. ಅದನ್ನು ಹಂಚಿಕೊಳ್ಳಲು ಅವಳಿಗೆ ಮನಸ್ಸಾಗದಿದ್ದರೆ ತಪ್ಪೇನು ಎಂದು ಈಗಲೂ ಕೇಳುತ್ತೇನೆ. ಶಾಲೆಗೆ ರಜೆ ಇದ್ದ ದಿನ ಚಿಕ್ಕ ಗಂಟು ಹೊತ್ತು ಅವಳ ಹಿಂದೆ ನಾನೂ ಹೋಗುತ್ತಿದ್ದೆ. ನಮ್ಮ ಬೀದಿ ಮುಗಿಸಿ, ಪೇಟೆ ಬೀದಿ ಹಾದು, ಕೋಟೆ ಬೀದಿಯ ಮೂಲೆ ತಿರುಗುವಷ್ಟರಲ್ಲಿ ಗಂಟಲು ಒಣಗುತ್ತಿತ್ತು. ಮೂಲೆಯ ಮನೆಯವರು ಮಜ್ಜಿಗೆ ಕೊಡುತ್ತಿದ್ದರು. ನನಗೆ ಆ ಸುತ್ತಾಟದಲ್ಲಿ ನೆನಪಿದ್ದದ್ದು ಆ ಮಜ್ಜಿಗೆ ಒಂದೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ, ಬೆಳಿಗ್ಗೆ ಹಂಡೆಗೆ ನೀರು ತುಂಬುತ್ತಿದ್ದ ಅಜ್ಜಿ ಕುಸಿದು ಕೂತಳು. ಬಾಯಿ ಒಂದು ಕಡೆಗೆ ಜಗ್ಗಿತು. ಬಲಗೈ ಕೊಡ ಬಿಟ್ಟಿತು, ಮತ್ತೆ ಯಾವತ್ತೂ ಹಿಡಿಯಲಿಲ್ಲ. ಲಕ್ವಾ ಹೊಡೆದಿದೆ ಎಂದು ಅಪ್ಪ ಯಾರದೋ ಟೆಂಪೊ ಮಾಡಿಕೊಂಡು ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದ. ಮನೆಯಲ್ಲಿ ಉಳಿದದ್ದು ಅವ್ವ, ನಾನು, ಮತ್ತು ಸೂರು ಮುಟ್ಟುವ ರಾಶಿ. ಹಬ್ಬವೆಂದು ಇಪ್ಪತ್ನಾಲ್ಕು ಮನೆಯವರೂ ಕೋಣೆಯ ಪರದೆಯಿಂದ ಹಿಡಿದು ದೇವರ ಮಣೆಯ ಬಟ್ಟೆಯವರೆಗೆ ಎಲ್ಲವನ್ನೂ ಹಾಕಿದ್ದರು. ಎಲ್ಲ ಒಗೆದು ಒಣಗಿತ್ತು. ವಿಂಗಡಿಸುವವಳು ಮಾತ್ರ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಆಗಷ್ಟೇ ಒಂದು ಲಾಂಡ್ರಿ ಅಂಗಡಿ ಬಂದಿತ್ತು, ಗಾಜಿನ ಕಪಾಟು ಇಟ್ಟುಕೊಂಡಿದ್ದರು, ಬಟ್ಟೆಗೆ ಕಾಗದದ ಚೀಟಿ ಅಂಟಿಸುತ್ತಿದ್ದರು. ಹಬ್ಬಕ್ಕೆ ಬಟ್ಟೆ ತಲುಪದಿದ್ದರೆ, ಇಲ್ಲವೇ ಒಬ್ಬರದು ಇನ್ನೊಬ್ಬರ ಮನೆಗೆ ಹೋದರೆ, ನಮ್ಮ ಮನೆಗಳು ಒಂದೊಂದಾಗಿ ಆ ಗಾಜಿನ ಕಪಾಟಿಗೆ ಹೋಗುತ್ತವೆ ಎಂಬುದು ನನ್ನಂಥ ಹುಡುಗಿಗೂ ಗೊತ್ತಿತ್ತು. ಅವ್ವ ರಾಶಿಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

"ಅತ್ತೆ ತಲೆಯಾಗೆ ಇತ್ತು ಎಲ್ಲಾ. ಈಗ ಆ ತಲೆಗೇ ಹಿಂಗಾತು. ನಾ ಏನ್ ಮಾಡ್ಲಿ ರೇಣಿ."

ಸೀರೆಗಳನ್ನು, ಮಕ್ಕಳ ಅಂಗಿಗಳನ್ನು ಅವ್ವನೇ ಗುರುತಿಸಿ ಬೇರೆ ಇಟ್ಟಳು. ಬಿಳಿಯವು ಉಳಿದವು. ನಾನು ಶಾಲೆಯ ಸ್ಲೇಟು ತೆಗೆದುಕೊಂಡು ಕೂತೆ. ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ, ಅಜ್ಜಿ ಓದುವುದನ್ನು ದಿನಾ ನೋಡಿದವಳಿಗೆ ತನಗೂ ಬಂದೀತು ಎಂಬ ಸೊಕ್ಕು ಇದ್ದಿರಬೇಕು. ಮೊದಲು, ಯಾರದೆಂದು ಖಂಡಿತ ಗೊತ್ತಿದ್ದ ಬಟ್ಟೆಗಳನ್ನು ಹುಡುಕಿದೆ. ಪೇಟೆ ಬೀದಿಯಲ್ಲಿದ್ದ ನಮ್ಮ ಲೆಕ್ಕದ ಮೇಷ್ಟ್ರ ಪಂಚೆಯ ಮೇಲೆ ಕೆಂಪು ಇಂಕಿನ ಕಲೆ ಇತ್ತು. ಅದರ ಮೂಲೆಯಲ್ಲಿ ನಿಂತ ಗೀಟು, ಕೆಳಗೆ ಎರಡು ಚುಕ್ಕೆ. ಅದೇ ಬೀದಿಯ ಫಾತಿಮಾಬಿ ಅವರ ಹಾಸಿಗೆ ಬಟ್ಟೆಯ ಅಂಚಿಗೆ ಅವರೇ ಕಸೂತಿ ಹಾಕಿದ್ದರು. ಅದರ ಮೇಲೆ ನಿಂತ ಗೀಟು, ಕೆಳಗೆ ಒಂದು ಕತ್ತರಿ ಗುರುತು. ಎರಡರಲ್ಲೂ ಇರುವುದು ಯಾವುದು? ನಿಂತ ಗೀಟು. ಎರಡು ಮನೆಗೂ ಸಮವಾಗಿರುವುದು ಯಾವುದು? ಪೇಟೆ ಬೀದಿ. ಹಾಗಾದರೆ ನಿಂತ ಗೀಟು ಎಂದರೆ ಪೇಟೆ ಬೀದಿ. ನಮ್ಮ ಪಕ್ಕದ ಮನೆಯ ಗಂಗಮ್ಮ ಒಂಟಿ ಮುದುಕಿ, ಅವಳ ಮಾಸಿದ ಹಸಿರು ಸೀರೆಯ ಮೇಲೆ ಹಾವಿನಂಥ ಡೊಂಕು ಗೀಟು, ಕೆಳಗೆ ಒಂದೇ ಚುಕ್ಕೆ. ಡೊಂಕು ಗೀಟು ನಮ್ಮ ಹೊಳೆ ಬೀದಿ. ಉಳಿದದ್ದು ಮಲಗಿದ ಗೀಟು, ಅದು ಕೋಟೆ ಬೀದಿಯೇ ಆಗಬೇಕು, ಬೇರೆ ಬೀದಿಯೇ ನಮಗೆ ಇರಲಿಲ್ಲ.

ಇನ್ನು ಚುಕ್ಕೆಗಳು. ಗಂಗಮ್ಮ ನಮ್ಮ ಪಕ್ಕದವಳು, ಮೊದಲ ಮನೆ, ಒಂದು ಚುಕ್ಕೆ. ಮೇಷ್ಟ್ರದು ಪೇಟೆ ಬೀದಿಗೆ ಕಾಲಿಟ್ಟಮೇಲೆ ನಮಗೆ ಸಿಗುವ ಎರಡನೇ ಮನೆ, ಎರಡು ಚುಕ್ಕೆ. ಫಾತಿಮಾಬಿ ಅವರದು ಐದನೆಯದು, ಐದು ಚುಕ್ಕೆ ಇರಬೇಕಿತ್ತು, ಕತ್ತರಿ ಇದೆ. ನಾನು ಸ್ವಲ್ಪ ಹೊತ್ತು ನನ್ನ ಅಂಗೈಯನ್ನೇ ನೋಡುತ್ತ ಕೂತೆ. ಅಜ್ಜಿ ಎಣಿಸುತ್ತಿದ್ದದ್ದು ಬೆರಳಿನಲ್ಲಿ. ನಾಲ್ಕು ಬೆರಳಿನವರೆಗೆ ಚುಕ್ಕೆ, ಹಸ್ತ ತುಂಬಿದರೆ ಒಂದು ಕತ್ತರಿ. ಕತ್ತರಿಯ ಪಕ್ಕ ಒಂದು ಚುಕ್ಕೆ ಬಂದರೆ ಆರನೇ ಮನೆ. ಇಷ್ಟು ಹೊಳೆದದ್ದೇ ತಡ, ನಾನು ಎದ್ದು ಕುಣಿದೆ. ಅವ್ವ ನಂಬಲಿಲ್ಲ, ಆದರೂ ನಾನು ಹೇಳಿದ ಹಾಗೆ ಎತ್ತಿಡುತ್ತ ಹೋದಳು. ಸಂಜೆಯೊಳಗೆ ಗೋಡೆಗುಂಟ ಬಿಳಿ ಬಟ್ಟೆಯ ಇಪ್ಪತ್ನಾಲ್ಕು ಗಂಟುಗಳಾದವು. ಕೆಲವು ಬಟ್ಟೆಗಳಲ್ಲಿ ಗೀಟಿನ ನೆತ್ತಿಯ ಮೇಲೆ ಇನ್ನೊಂದು ಚುಕ್ಕೆ ಇತ್ತು, ಮೇಷ್ಟ್ರದರಲ್ಲಿ, ಗಂಗಮ್ಮನದರಲ್ಲಿ. ಅದೇನೆಂದು ತಿಳಿಯಲಿಲ್ಲ. ಮನೆ ಗೊತ್ತಾದಮೇಲೆ ಅದು ಯಾಕೆ ಬೇಕು ಎಂದು ಬಿಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಅವ್ವ ಕೋಟೆ ಬೀದಿಯ ಎರಡು ಗಂಟು ಹೊತ್ತು ಹೋದಳು. ಅರ್ಧ ಗಂಟೆಗೆಲ್ಲ ಅದೇ ಎರಡು ಗಂಟು ತಲೆಯ ಮೇಲೆ ಇಟ್ಟುಕೊಂಡು ವಾಪಸು ಬಂದಳು. ಮುಖ ಸುಟ್ಟ ಹಾಗೆ ಆಗಿತ್ತು. ನಾನು ಒಂದನೆಯದೆಂದು ಎಣಿಸಿದ್ದ, ಹೊಳೆಗೆ ಹತ್ತಿರದ ಮನೆಯ ಯಜಮಾನಿ ಗಂಟು ಬಿಚ್ಚಿದಳಂತೆ, ಯಾರದೋ ತೂತು ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳಂತೆ. ಅವಳು ಅಂದದ್ದನ್ನು ಅವ್ವ ನನ್ನ ಮುಂದೆ ಒಂದಕ್ಷರ ಬಿಡದೆ ಹೇಳಿದಳು.

"ಮುದುಕಿ ಹಾಸಿಗೆ ಹಿಡಿದ್ಲು ಅಂತ ಊರ ಬಟ್ಟೆನೆಲ್ಲಾ ಕಲಸಿಬಿಟ್ರಾ? ಬಸ್‌ಸ್ಟ್ಯಾಂಡ್ ಹತ್ರ ಅಂಗಡಿ ಐತೆ, ಇನ್ಮೇಲೆ ಅಲ್ಲಿಗೇ ಹಾಕ್ತೀವಿ. ನಾಳೆ ಒಳಗೆ ನಮ್ಮವು ನಮಗೆ ಬರಬೇಕು."

ಅವ್ವ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನೀನು ಹುಡುಗಿ, ನಿನ್ನ ಮಾತು ಕೇಳಿದ್ದು ನನ್ನ ತಪ್ಪು ಎಂದು ಹೇಳಿ ಗೋಡೆಗೆ ಒರಗಿದಳು. ನಾನು ಅತ್ತುಬಿಟ್ಟೆ, ಚೆನ್ನಾಗಿಯೇ ಅತ್ತುಬಿಟ್ಟೆ. ಅಳುತ್ತಲೇ ಗೂಟಕ್ಕೆ ನೇತುಹಾಕಿದ್ದ ಕೋಟೆ ಬೀದಿಯ ಡಾಕ್ಟರ ಬಿಳಿ ಕೋಟು ಕಣ್ಣಿಗೆ ಬಿತ್ತು. ಊರಿನಲ್ಲಿ ಅಂಥ ಕೋಟು ಇದ್ದದ್ದು ಒಬ್ಬರಿಗೇ, ಹಾಗಾಗಿ ಅದರ ಗುರುತನ್ನು ನಾನು ನೋಡಿಯೇ ಇರಲಿಲ್ಲ. ಮೂಗು ಒರೆಸಿಕೊಂಡು ತಿರುಗಿಸಿ ನೋಡಿದೆ. ಮಲಗಿದ ಗೀಟು, ನೆತ್ತಿಯ ಮೇಲೆ ಆ ತಿಳಿಯದ ಚುಕ್ಕೆ, ಕೆಳಗೆ ಕತ್ತರಿ, ಕತ್ತರಿಯ ಪಕ್ಕ ಒಂದು ಚುಕ್ಕೆ. ಆರನೇ ಮನೆ. ಆದರೆ ಡಾಕ್ಟರ ಮನೆ ಕೋಟೆ ಬೀದಿಯಲ್ಲಿ ಹೊಳೆಯಿಂದ ಮೂರನೆಯದು. ಅಲ್ಲಿ ನಮ್ಮವು ಇದ್ದದ್ದೇ ಎಂಟು ಮನೆ. ಮೂರನೆಯದು ಆರನೆಯದು ಹೇಗಾಗುತ್ತದೆ? ಆಗ ನನ್ನ ನಾಲಿಗೆಗೆ ಮಜ್ಜಿಗೆಯ ರುಚಿ ಬಂತು. ಸುಳ್ಳಲ್ಲ, ನಿಜವಾಗಿ ಬಂತು. ಅಜ್ಜಿ ಕೋಟೆ ಬೀದಿಗೆ ನಮ್ಮ ಮನೆಯ ಕಡೆಯಿಂದ ಹೋಗುತ್ತಲೇ ಇರಲಿಲ್ಲ. ಪೇಟೆ ಬೀದಿ ಮುಗಿಸಿ, ಆ ತುದಿಯ ಮೂಲೆಯಲ್ಲಿ ತಿರುಗಿ, ಮಜ್ಜಿಗೆ ಕುಡಿದು, ಕೋಟೆ ಬೀದಿಯಲ್ಲಿ ಹೊಳೆಯ ಕಡೆಗೆ ಇಳಿದು ಬರುತ್ತಿದ್ದಳು. ಅವಳಿಗೆ ಮಜ್ಜಿಗೆ ಮನೆಯೇ ಒಂದನೆಯದು. ನಾನು ಬೀದಿಯನ್ನೇ ತಲೆಕೆಳಗಾಗಿ ಓದಿದ್ದೆ. ಎಣಿಸಬೇಕಾದದ್ದು ಮನೆಗಳನ್ನಲ್ಲ, ಅಜ್ಜಿಯ ಹೆಜ್ಜೆಗಳನ್ನು.

"ಅವ್ವ, ಗಂಟು ಬಿಚ್ಚಬ್ಯಾಡ. ಎಲ್ಲಾ ಸರಿ ಐತೆ. ಮನೆ ಅಷ್ಟೇ ತಿರುಗುಮುರುಗು ಆಗೈತೆ. ಒಂದನೇದು ಎಂಟನೇದು, ಎಂಟನೇದು ಒಂದನೇದು."

ಈ ಸಲ ನಾನೂ ಜೊತೆಗೆ ಹೋದೆ. ಮಜ್ಜಿಗೆ ಮನೆಯಿಂದ ಶುರು ಮಾಡಿ ಇಳಿದು ಬಂದೆವು. ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದ ಯಜಮಾನಿ ಗಂಟು ಬಿಚ್ಚಿ ಒಂದೊಂದೇ ಮೂಲೆ ನೋಡಿದಳು. ಅವಳಿಗೆ ಆ ಗುರುತು ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು, ಅದನ್ನು ನೆನೆದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಎಲ್ಲ ನೋಡಿ ಮುಗಿಸಿ ಒಳಗೆ ಹೋಗಿ ಮುಂದಿನ ವಾರದ ಕೊಳೆ ಬಟ್ಟೆಯ ಗಂಟು ತಂದು ಅವ್ವನ ಮುಂದೆ ಇಟ್ಟಳು. ಪೇಟೆ ಬೀದಿಯಲ್ಲಿ ಫಾತಿಮಾಬಿ ತಮ್ಮ ಹಾಸಿಗೆ ಬಟ್ಟೆ, ಲುಂಗಿ, ಟೋಪಿಗಳನ್ನೆಲ್ಲ ಚಾಪೆಯ ಮೇಲೆ ಹರವಿ ನೋಡಿ ನನ್ನ ಗಲ್ಲ ಹಿಡಿದರು.

"ಒಂದೂ ತಪ್ಪಿಲ್ಲ ಬೇಟಿ. ಹೊನ್ನಮ್ಮ ಬಂದಂಗೇ ಆತು. ಅವ್ರು ಹುಷಾರಾಗಲಿ ಅಂತ ದುವಾ ಮಾಡ್ತೀನಿ, ಹೋಗ್ಬಾ."

ಯುಗಾದಿಯ ಹಿಂದಿನ ದಿನ ಕೊನೆಯ ಗಂಟು ತಲುಪಿಸಿ ಬಂದೆವು. ಒಂದು ಮನೆಯೂ ನಮ್ಮ ಕೈಬಿಡಲಿಲ್ಲ. ಅವ್ವ ಆ ರಾತ್ರಿ ಊಟಕ್ಕೆ ಬಡಿಸುವಾಗ ರೊಟ್ಟಿಯ ಮೇಲೆ ತುಪ್ಪ ಹಾಕಿದಳು, ನನಗೆ ಮಾತ್ರ.

ಹಬ್ಬ ಕಳೆದು ಒಂದು ವಾರಕ್ಕೆ ಅಪ್ಪ ಅಜ್ಜಿಯನ್ನು ಮನೆಗೆ ಕರೆತಂದ. ಮಾತು ಹೋಗಿತ್ತು. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ಆದರೆ ಕಣ್ಣು ಹಾಗೇ ಇದ್ದವು. ನಾನು ಸ್ಲೇಟಿನ ಮೇಲೆ ಎಲ್ಲ ಗುರುತು ಬರೆದು ಅವಳ ಮುಂದೆ ಹಿಡಿದೆ, ಅವಳು ಸಿಟ್ಟಾಗಬಹುದೇನೋ ಎಂಬ ಹೆದರಿಕೆ ಇತ್ತು, ಕದ್ದವಳಂತೆ ನಿಂತಿದ್ದೆ. ಅವಳು ಎಡಗೈ ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಹೋದಳು. ಕೋಟೆ ಬೀದಿಯ ಸಾಲಿಗೆ ಬಂದಾಗ ನನ್ನ ಮುಖ ನೋಡಿದಳು. ಅವಳ ಬಾಯಿಯ ಒಂದು ಪಕ್ಕ ನಕ್ಕಿತು. ನಾನು ಧೈರ್ಯ ಮಾಡಿ ಕೇಳಿದೆ.

"ಅಜ್ಜಿ, ನೆತ್ತಿ ಮ್ಯಾಲಿನ ಚುಕ್ಕೆ ಯಾಕೆ? ಡಾಕ್ಟ್ರುದು, ಮೇಷ್ಟ್ರುದು, ಗಂಗಮ್ಮಂದು, ಮೂರಕ್ಕೇ ಐತಲ್ಲ. ದೊಡ್ಡ ಮನಷ್ಯರು ಅಂತನಾ?"

ಅವಳು ತಲೆ ಅಲ್ಲಾಡಿಸಿದಳು. ಗಂಗಮ್ಮ ಯಾವ ದೊಡ್ಡ ಮನುಷ್ಯಳು ಎಂದು ನನಗೇ ಅನ್ನಿಸಿತು. ಅಜ್ಜಿ ಪಕ್ಕದಲ್ಲಿದ್ದ ಬಟ್ಟೆಗಳಲ್ಲಿ ಗಂಗಮ್ಮನ ಸೀರೆಯನ್ನು ಎಡಗೈಯಲ್ಲಿ ಎಳೆದು ಎಲ್ಲದರ ಮೇಲೆ ಹಾಕಿದಳು. ಆಮೇಲೆ ಎರಡು ಬೆರಳು ತೋರಿಸಿದಳು, ಒಂದನ್ನು ಮಡಚಿದಳು. ಅವ್ವನಿಗೆ ತಟ್ಟನೆ ಅರ್ಥವಾಯಿತು. ಗಂಗಮ್ಮನಿಗೆ ಇದ್ದದ್ದು ಎರಡೇ ಸೀರೆ, ಒಂದು ಮೈಮೇಲೆ, ಒಂದು ಒಗೆಯಲು. ಮೇಷ್ಟ್ರಿಗೆ ಎರಡೇ ಪಂಚೆ. ಡಾಕ್ಟರಿಗೆ ಎರಡೇ ಕೋಟು. ಅದು ದೊಡ್ಡಸ್ತಿಕೆಯ ಗುರುತಲ್ಲ. ಇವರನ್ನು ಕಾಯಿಸಬಾರದು, ಇವರದು ಮೊದಲು ಎಂಬ ಗುರುತು. ಇಷ್ಟು ವರ್ಷ ಅಜ್ಜಿಯ ಜೊತೆ ಜಗಳವಾಡಿದ ಅವ್ವ ಅವತ್ತು ಅವಳ ಕಾಲು ಒತ್ತುತ್ತ ಬಹಳ ಹೊತ್ತು ಕೂತಿದ್ದಳು.

ಪಂಚೆ ಸರಿಯಾದ ಮನೆಗೆ ಬಂದ ಕತೆ ಮೇಷ್ಟ್ರ ಕಿವಿಗೆ ಬಿದ್ದಿತ್ತು. ಅವರು ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆ ಪತ್ರಿಕೆಯೊಂದನ್ನು ಹಿಡಿದು ನಮ್ಮ ಅಂಗಳಕ್ಕೆ ಬಂದು, ಗಂಟಿನ ಮೇಲೆ ಕೂತು, ನನ್ನ ಮುಂದೆ ಒಂದು ಪ್ರಶ್ನೆ ಇಟ್ಟರು. ಒಂದು ಸಂಕೇತ ಭಾಷೆಯಲ್ಲಿ 'ಟಿಮ ಲಪು' ಎಂದರೆ 'ಬಿಳಿ ಹಸು', 'ಲಪು ಕುಡ' ಎಂದರೆ 'ಹಸು ಹಾಲು'. ಹಾಗಾದರೆ 'ಬಿಳಿ' ಎಂಬುದಕ್ಕೆ ಸಂಕೇತ ಯಾವುದು? ನಾನು ನಕ್ಕುಬಿಟ್ಟೆ. ಎರಡರಲ್ಲೂ ಇರುವುದು ಲಪು, ಎರಡಕ್ಕೂ ಸಮ ಹಸು, ಉಳಿದದ್ದು ಟಿಮ, ಅದೇ ಬಿಳಿ. ಇದು ಪೇಟೆ ಬೀದಿ ಸಾರ್ ಎಂದೆ. ಅಕ್ಷರಗಳನ್ನು ಹಿಂದಿನಿಂದ ಎಣಿಸಬೇಕಾದ ಪ್ರಶ್ನೆ ಬಂದಾಗ ಇದು ಕೋಟೆ ಬೀದಿ ಎಂದೆ. ಈಗ ನ್ಯಾಮತಿಯ ನನ್ನ ಹುಡುಗರೂ ಹಾಗೆಯೇ ಹೇಳುತ್ತಾರೆ, ಕೋಟೆ ಬೀದಿ ಲೆಕ್ಕ ಎಂದು, ಆ ಬೀದಿಯನ್ನು ಅವರು ಕಂಡವರಲ್ಲ. ಮೇಷ್ಟ್ರು ಅಪ್ಪನ ಕಡೆ ತಿರುಗಿದರು.

"ಈ ಹುಡುಗಿನ ಪರೀಕ್ಷೆಗೆ ಕೂರಿಸ್ರಿ. ನಾನು ಹೇಳಿಕೊಡಾಕೆ ಏನೂ ಉಳಿದಿಲ್ಲ ಇದ್ರಾಗೆ."

ಮುಂದಿನ ಚಳಿಗಾಲದಲ್ಲಿ ಅಪ್ಪ ನನ್ನನ್ನು ಚನ್ನಗಿರಿಗೆ ಬಸ್ಸಿನಲ್ಲಿ ಕರೆದೊಯ್ದ, ಪರೀಕ್ಷಾ ಕೇಂದ್ರ ಅಲ್ಲಿತ್ತು. ಕೋಣೆಯ ತುಂಬ ಇಸ್ತ್ರಿ ಮಾಡಿದ ಅಂಗಿಯ ಮಕ್ಕಳು. ನನ್ನ ಲಂಗದ ಇಸ್ತ್ರಿ ಅವರೆಲ್ಲರದಕ್ಕಿಂತ ಚೆನ್ನಾಗಿತ್ತು, ಅದು ಅಪ್ಪನ ಕೈಯದು. ಲೆಕ್ಕದಲ್ಲಿ ಒಂದೆರಡು ಬಿಟ್ಟೆ, ಭಾಷೆಯಲ್ಲಿ ಎಡವಿದೆ. ಸಂಕೇತದ ಪ್ರಶ್ನೆಗಳಲ್ಲಿ ಒಂದನ್ನೂ ಬಿಡಲಿಲ್ಲ. ಬೇಸಿಗೆಯಲ್ಲಿ ಮೇಷ್ಟ್ರು ಕೆಂಪು ಇಂಕಿನ ಕಲೆಯ ಅದೇ ಪಂಚೆ ಉಟ್ಟು, ಫಲಿತಾಂಶದ ಕಾಗದ ಹಿಡಿದು, ಹಿತ್ತಲಿಗಲ್ಲ, ನಮ್ಮ ಮುಂಬಾಗಿಲಿಗೆ ಬಂದರು. ನಾನು ಪಾಸಾಗಿದ್ದೆ.

ಹಾಸ್ಟೆಲಿಗೆ ಹೊರಡುವ ದಿನ ಅವ್ವ ನನ್ನ ಟ್ರಂಕು ಜೋಡಿಸುತ್ತಿದ್ದಳು. ಎರಡು ಜೊತೆ ಯೂನಿಫಾರಂ, ಒಂದು ಕಂಬಳಿ. ಅಲ್ಲಿ ನೂರಾರು ಮಕ್ಕಳ ಬಟ್ಟೆ ಒಟ್ಟಿಗೆ ಒಗೆಯಲು ಹೋಗುತ್ತದೆ, ಹೆಸರು ಬರೆಯಬೇಕು ಎಂದು ನಾನು ಪೆನ್ನು ತೆಗೆದೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಗಂಟಲಿನಿಂದ ಸದ್ದು ಮಾಡಿದಳು. ಎಡಗೈಯಿಂದ ಗೂಡಿನ ಕಡೆ ತೋರಿಸಿದಳು. ಕರಿಗೇರು ಬೀಜ, ಸೂಜಿ, ಸುಣ್ಣದ ಡಬ್ಬಿ ತಂದುಕೊಟ್ಟೆ. ನಮ್ಮ ಮನೆಯವರ ಬಟ್ಟೆಗೆ ಅವಳು ಯಾವತ್ತೂ ಗುರುತು ಹಾಕಿದವಳಲ್ಲ, ಎಲ್ಲರದನ್ನೂ ಎತ್ತಿಟ್ಟಮೇಲೆ ಉಳಿದದ್ದು ನಮ್ಮದು ಅಷ್ಟೇ. ನಾನು ಬೀಜ ಹಿಡಿದುಕೊಂಡೆ, ಅವಳು ನಡುಗುವ ಎಡಗೈಯಲ್ಲಿ ಸೂಜಿ ಹಿಡಿದು ಬಹಳ ಹೊತ್ತು ಬರೆದಳು. ರಸ ನನ್ನ ಹೆಬ್ಬೆರಳಿಗೆ ತಾಗಿ ಆಮೇಲೆ ಬೊಕ್ಕೆ ಎದ್ದಿತು, ಆ ಕಲೆ ಈಗಲೂ ಇದೆ. ಬರೆದು ಮುಗಿಸಿ, ಯೂನಿಫಾರಂ ಲಂಗದ ಅಂಚನ್ನು ನನ್ನ ಕಡೆ ತಿರುಗಿಸಿ, ಓದು ಎನ್ನುವಂತೆ ಗದ್ದ ಎತ್ತಿದಳು.

ಡೊಂಕು ಗೀಟು ಇತ್ತು. ಅದರ ಕೆಳಗೆ ಒಂದೂ ಚುಕ್ಕೆ ಇರಲಿಲ್ಲ, ಎಣಿಕೆ ಶುರುವಾಗುವುದೇ ನಮ್ಮ ಮನೆಯಿಂದ. ನೆತ್ತಿಯ ಮೇಲೆ ಒಂದು ಚುಕ್ಕೆ ಇತ್ತು. ಕೈ ನಡುಗಿದರೂ ಅದನ್ನು ಮಾತ್ರ ದಪ್ಪಗೆ, ಗುಂಡಗೆ ಇಟ್ಟಿದ್ದಳು. ನಾನು ಜೋರಾಗಿ ಓದಿದೆ.

"ಹೊಳೆ ಬೀದಿ, ಹೊನ್ನಮ್ಮನ ಮನೆ. ಈ ಹುಡುಗಿನ ಕಾಯಿಸಬಾರದು."